ಟೇಪು ಸಾಹೇಬರು ಎರಡನೇ ಸೀಟಿನಲ್ಲಿ ಕೂತದ್ದು

ಟೇಪು ಸಾಹೇಬರಿಗೆ ಹೆತ್ತವರು ಇಟ್ಟ ಹೆಸರೊಂದು ಇದೆ. ಸಂಬಳದ ಪಟ್ಟಿಯಲ್ಲಿ ಬಿಟ್ಟರೆ ಅದನ್ನು ಯಾರೂ ಬಳಸುವುದಿಲ್ಲ, ಆದ್ದರಿಂದ ನಾವೂ ಅದರ ಗೊಡವೆಗೆ ಹೋಗುವುದು ಬೇಡ. ಮೂವತ್ತೊಂದು ವರ್ಷದಿಂದ ಅವರು ಬಸ್ ಡಿಪೋದಲ್ಲಿ ಅಪಘಾತ ತನಿಖೆ ಮಾಡುವ ಸಾಹೇಬರು. ಬಸ್ಸು ಯಾವುದಕ್ಕೇ ತಾಗಲಿ, ಇನ್ನೊಂದು ಬಸ್ಸಿಗೋ, ದೀಪದ ಕಂಬಕ್ಕೋ, ಯಾರದೋ ಮನೆಯ ಕಾಂಪೌಂಡಿಗೋ, ಮೂವತ್ತು ಮೀಟರಿನ ಟೇಪು, ಒಂದು ಡಬ್ಬಿ ಸೀಮೆಸುಣ್ಣ, ಕ್ಲಿಪ್ಪಿನ ರಟ್ಟು ಹಿಡಿದುಕೊಂಡು ಇವರು ಹಾಜರಾಗಬೇಕು. ಅಲ್ಲಿ ಜನ ಕೂಗಾಡುತ್ತಿರುತ್ತಾರೆ. ಇವರು ಯಾರ ಮುಖವನ್ನೂ ನೋಡದೆ ಬಗ್ಗಿ ಅಳೆಯುವುದಕ್ಕೆ ಶುರುಮಾಡುತ್ತಾರೆ. ಒಬ್ಬ ಮನುಷ್ಯ ಬಗ್ಗಿ ಅಳೆಯುತ್ತಿದ್ದರೆ ಕೂಗುವವರ ದನಿ ತಾನಾಗಿಯೇ ಇಳಿಯುತ್ತದೆ. ಯಾಕೆ ಅಂತ ನನಗೂ ಗೊತ್ತಿಲ್ಲ, ನೋಡಿದ್ದನ್ನು ಹೇಳುತ್ತಿದ್ದೇನೆ.

ಅಳೆದ ಮೇಲೆ ನಕ್ಷೆ. ಮೇಲೆ ಹಾರುವ ಕಾಗೆಗೆ ಕಂಡ ಹಾಗೆ ಬರೆಯಬೇಕು. ಬಸ್ಸು ಒಂದು ಚೌಕ, ಕಂಬ ಒಂದು ಚುಕ್ಕೆ, ಮನುಷ್ಯ ಒಂದು ಸೊನ್ನೆ. ಕಾಗೆಗೆ ಯಾರ ಜೊತೆಯೂ ನೆಂಟಸ್ತಿಕೆ ಇಲ್ಲ ಅನ್ನುವುದು ಸಾಹೇಬರ ಸಿದ್ಧಾಂತ. ನಕ್ಷೆ ಮುಗಿದ ಮೇಲೆ ಸೀಟು. ಇದು ಅವರದೇ ನಿಯಮ, ಬೇರೆ ಯಾವ ಡಿಪೋದಲ್ಲೂ ಇಲ್ಲ. ಗುದ್ದಿದ ಚಾಲಕನ ಸೀಟಿನಲ್ಲಿ ಒಂದು ಸಲ, ಗುದ್ದಿಸಿಕೊಂಡವನ ಸೀಟಿನಲ್ಲಿ ಒಂದು ಸಲ ಕೂತು, ಅಲ್ಲಿಂದ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಅಂತ ಬರೆದುಕೊಳ್ಳಬೇಕು. ಎದುರಿನವರು ನಡೆದು ಹೋಗುತ್ತಿದ್ದರೆ ಸಾಹೇಬರೂ ಅಲ್ಲೇ ನಿಲ್ಲುತ್ತಾರೆ. ಮಗುವಾಗಿದ್ದರೆ ಮಂಡಿಯೂರುತ್ತಾರೆ. ಒಮ್ಮೆ ಕೆಟ್ಟು ನಿಂತ ಲಾರಿಯ ಕೆಳಗೆ ಮಲಗಿದ್ದ ಮೆಕ್ಯಾನಿಕ್ಕಿನ ಕಾಲಿಗೆ ಪೆಟ್ಟಾದಾಗ ಇವರೂ ಇಸ್ತ್ರಿ ಮಾಡಿದ ಅಂಗಿಯಲ್ಲೇ ಲಾರಿಯ ಕೆಳಗೆ ಹೋಗಿ ಕಾಲು ಗಂಟೆ ಮಲಗಿದ್ದರು. ಹೊರಗೆ ಬಂದವರೇ "ಏನೂ ಕಾಣಲ್ಲ" ಅಂತ ಬರೆದುಕೊಂಡರು.

ಪದಗಳ ವಿಷಯದಲ್ಲೂ ಅಷ್ಟೇ ಹಟ. ಕೈಕೆಳಗಿನ ಗುಮಾಸ್ತೆ ತಂದ ವರದಿಯಲ್ಲಿ "ಬೇಕಂತಲೇ", "ಸೊಕ್ಕಿನಿಂದ", "ಕಣ್ಣು ಮುಚ್ಚಿಕೊಂಡು" ಅಂತೇನಾದರೂ ಇದ್ದರೆ ಕೆಂಪು ಪೆನ್ಸಿಲ್ ಹೊರಗೆ ಬರುತ್ತಿತ್ತು.

"'ಬೇಕಂತಲೇ' ಅಂತ ಬರ್ದಿದ್ದೀಯಲ್ಲಮ್ಮ, ಎಷ್ಟು ಮೀಟರ್ ಇತ್ತು ಅದು?"

"ಸಾರ್, ಆ ಡ್ರೈವರೇ ಹಾಗಂದ…"

"ಅವನು ಹೇಳ್ತಾನೆ. ಟೇಪು ಹೇಳ್ತಾ?"

ಗೀಟು ಬೀಳುತ್ತಿತ್ತು. ಬಸ್ಸುಗಳಲ್ಲಿ ಚಾಲಕನ ತಲೆಯ ಮೇಲೆ ಅಂಟಿಸಿದ ಸೂಚನೆಗಳಿವೆಯಲ್ಲ, ಹಿಂಬದಿ ಕನ್ನಡಿ ಒರೆಸತಕ್ಕದ್ದು, ಕತ್ತಲಾದ ಮೇಲೆ ಚಾಲಕನ ಹಿಂದಿನ ದೀಪ ಆರಿಸತಕ್ಕದ್ದು, ಚಪ್ಪಲಿ ಬಿಟ್ಟು ಬ್ರೇಕು ಒತ್ತಬಾರದು, ಅವೆಲ್ಲ ಇವರೇ ಕೂತು ಬರೆದ ವಾಕ್ಯಗಳು. ಒಂದೊಂದರ ಹಿಂದೆಯೂ ಒಂದೊಂದು ಮುರಿದ ಬಂಪರ್ ಇದೆ.

ಇಂಥ ಮನುಷ್ಯ ಒಡಹುಟ್ಟಿದ ಅಕ್ಕನ ಜೊತೆ ಹನ್ನೊಂದು ತಿಂಗಳಿಂದ ಮಾತು ಬಿಟ್ಟಿದ್ದರು. ಆಚಾರ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂತ ದೊಡ್ಡವರು ಸುಮ್ಮನೆ ಹೇಳಲಿಲ್ಲ.

ಅಕ್ಕ ಅಂದರೆ ಇವರಿಗೆ ಬರೀ ಅಕ್ಕ ಅಲ್ಲ. ತಾಯಿ ತೀರಿಕೊಂಡಾಗ ಇವರಿಗೆ ಏಳು ವರ್ಷ, ಅವಳಿಗೆ ಹದಿನಾಲ್ಕು. ಅವಳು ಶಾಲೆ ಬಿಟ್ಟು ಪಕ್ಕದ ಬೀದಿಯ ಟೈಲರ್ ಅಂಗಡಿಯಲ್ಲಿ ಗುಂಡಿ ಹಾಕುವುದಕ್ಕೆ ಕೂತಳು. ಬೇರೆಯವರ ಯೂನಿಫಾರ್ಮಿನಲ್ಲಿ ಉಳಿದ ತುಂಡುಗಳನ್ನು ಸೇರಿಸಿ ತಮ್ಮನಿಗೆ ಅಂಗಿ ಹೊಲಿಯುತ್ತಿದ್ದಳು. ಒಂದು ತೋಳು ನೀಲಿ, ಇನ್ನೊಂದು ತೋಳು ಬೂದಿ ಬಣ್ಣ. ಶಾಲೆಯಲ್ಲಿ ಯಾರಾದರೂ ನಕ್ಕರೆ "ನಿನಗೆ ಒಂದೇ ಬಣ್ಣ, ನನಗೆ ಎರಡು" ಅನ್ನು ಅಂತ ಹೇಳಿಕೊಟ್ಟಿದ್ದಳು. ಇವರು ಹಾಗೇ ಅಂದು ಒಮ್ಮೆ ಒದೆ ತಿಂದಿದ್ದೂ ಉಂಟು. ಹುಡುಗ ಓದಿ ಡಿಪೋ ಸೇರಿದ, ಸಾಹೇಬನಾದ. ಅಕ್ಕ ಮಾತ್ರ ಇನ್ನೊಬ್ಬರ ಅಂಗಡಿಯಲ್ಲೇ ಹೊಲಿದಳು, ಮದುವೆಯಾಗಿ ಹೊಲಿದಳು, ಗಂಡ ತೀರಿಕೊಂಡ ಮೇಲೂ ಹೊಲಿದಳು. ಅರವತ್ತಮೂರನೇ ವಯಸ್ಸಿನಲ್ಲಿ, ಇನ್ನೇನು ಎಲ್ಲರೂ ಮೆಷಿನ್ ಮುಚ್ಚಿಡುವ ಹೊತ್ತಿಗೆ, ತನ್ನದೇ ಅಂತ ಒಂದು ಅಂಗಡಿ ತೆರೆದಳು. ಹತ್ತಡಿ ಅಗಲ, ಹನ್ನೆರಡಡಿ ಉದ್ದ. ಮುಂದುಗಡೆ ನೆಲದಿಂದ ಸೂರಿನವರೆಗೆ ಗಾಜು. ಗಾಜು ಯಾಕೆ ಅಂದವರಿಗೆ, "ಐವತ್ತು ವರ್ಷ ಗೋಡೆ ನೋಡ್ಕೊಂಡು ಹೊಲ್ದಿದ್ದೀನಿ, ಸಾಕು" ಅಂದಿದ್ದಳು.

ಅಂಗಡಿ ತೆರೆದ ಸಂಜೆಯೇ ಜಗಳ ಹುಟ್ಟಿದ್ದು. ಜಗಳ ಅಂದೆ, ನಿಜವಾಗಿ ನೋಡಿದರೆ ಒಂದು ಮಾತೂ ಆಡಿರಲಿಲ್ಲ. ಬೈದಾಡಿದ್ದರೆ ಎರಡು ದಿನಕ್ಕೆ ಮುಗಿಯುತ್ತಿತ್ತು.

ಸಾಹೇಬರ ಬಾಯಲ್ಲಿ ಆ ಕಥೆ ಹೀಗಿತ್ತು, ಹೆಂಡತಿಗೆ ಇದು ಬಾಯಿಪಾಠ: "ಏಳು ಗಂಟೆಗೆ ಹೋದೆ. ಒಳಗೆ ಜನ ಕಿಕ್ಕಿರಿದಿದ್ರು. ನಾನು ಗಾಜಿನ ಹೊರಗೆ ಫುಟ್‌ಪಾತಿನ ಮೇಲೆ ನಿಂತೆ. ಅಕ್ಕ ಕಟಿಂಗ್ ಮೇಜಿನ ಹಿಂದೆ ಕತ್ತರಿ ಹಿಡ್ಕೊಂಡು ನಿಂತಿದ್ಲು. ತಲೆ ಎತ್ತಿ ನನ್ನನ್ನೇ ನೋಡಿದ್ಲು, ಕಣ್ಣಲ್ಲಿ ಕಣ್ಣಿಟ್ಟು. ಬಾ ಅನ್ನಲಿಲ್ಲ. ಸಾವಕಾಶವಾಗಿ ತಲೆಗೂದಲು ಸರಿಮಾಡ್ಕೊಂಡ್ಲು. ಮುಖ ತಿರುಗಿಸಿ, ಪಕ್ಕದ ಅಂಗಡಿಯ ಎಲೆಕ್ಟ್ರಿಷಿಯನ್‌ಗೆ 'ಬನ್ನಿ ಬನ್ನಿ, ಮುಂದೆ ಬನ್ನಿ' ಅಂದ್ಲು. ಬಟ್ಟೆಗೆ ಕತ್ತರಿ ಹಾಕಿದ್ಲು. ಎಲೆಕ್ಟ್ರಿಷಿಯನ್! ಅವನ ಪರಿಚಯ ಆಗಿ ಒಂದು ವಾರ ಆಗಿತ್ತು!"

ಸಾಹೇಬರು ಹಾಗೇ ತಿರುಗಿ ಮನೆಗೆ ಬಂದರು. ಅಂಗಡಿಗೆ ಅಂತ ಕೊಂಡಿದ್ದ ಗೋಡೆ ಗಡಿಯಾರವನ್ನು ಬಣ್ಣದ ಕಾಗದ ಬಿಚ್ಚದೆ ಬೀರುವಿನ ಮೇಲೆ ಇಟ್ಟರು. ಅದರಲ್ಲಿ ಬ್ಯಾಟರಿ ಹಾಕಿಯೇ ಕೊಟ್ಟಿದ್ದರಾದ್ದರಿಂದ ಹನ್ನೊಂದು ತಿಂಗಳಿಂದ ಅದು ಕಾಗದದೊಳಗೇ ಟಿಕ್ ಟಿಕ್ ಅನ್ನುತ್ತಿತ್ತು.

ಹೆಂಡತಿ ಆಗ ಊರಲ್ಲಿರಲಿಲ್ಲ, ಕಾಯಿಲೆ ಬಿದ್ದ ತಾಯಿಯನ್ನು ನೋಡಿಕೊಳ್ಳಲು ತವರಿಗೆ ಹೋಗಿದ್ದಳು. ಬಂದ ಮೇಲೆ ವಿಷಯ ತಿಳಿದು ಗಂಡನ ಅಕ್ಕನಿಗೆ ಫೋನು ಮಾಡಿದಳು. "ಅವನ ಹೆಸರು ನನ್ನ ಮುಂದೆ ಎತ್ತಬೇಡಮ್ಮ, ಬೇರೆ ಏನಾದ್ರೂ ಇದ್ರೆ ಹೇಳು" ಅಂತ ಆ ಕಡೆಯಿಂದ ಬಂತು. ಈ ಕಡೆ ತಿರುಗಿ ಗಂಡನ ಹತ್ತಿರ ಮಾತು ತೆಗೆದರೆ, "ಅವಳ ಹೆಸರು ಎತ್ತಬೇಡ" ಅಂತ ಬಂತು. ಎರಡೂ ಒಂದೇ ಅಚ್ಚಿನ ಇಟ್ಟಿಗೆ, ತಲೆ ಚಚ್ಚಿಕೊಂಡರೆ ನನ್ನದೇ ಒಡೆಯುತ್ತದೆ ಅಂತ ಅವಳು ಸುಮ್ಮನಾದಳು. ಆದರೆ ಸಾಹೇಬರು ಸುಮ್ಮನಾಗಬೇಕಲ್ಲ! ಹೆಸರು ಎತ್ತಬೇಡ ಅಂದವರೇ ದಿನಕ್ಕೊಂದು ಸಲ ಎತ್ತುತ್ತಿದ್ದರು. ಊಟಕ್ಕೆ ಕೂತರೆ ಕಣ್ಣಲ್ಲಿ ಕಣ್ಣಿಟ್ಟದ್ದು, ಹಲ್ಲುಜ್ಜುವಾಗ ತಲೆಗೂದಲು ಸರಿಮಾಡಿಕೊಂಡದ್ದು. ಬಾಗಿಲಿನ ಗಂಟೆ ಕೆಟ್ಟಿತೆಂದರೆ ಸಾಕು, ಎಲೆಕ್ಟ್ರಿಷಿಯನ್ ನೆನಪಾಗುತ್ತಿದ್ದ. ಗಂಟೆ ಕೆಟ್ಟು ಐದು ತಿಂಗಳಾಗಿತ್ತು, ರಿಪೇರಿ ಮಾಡಿಸಿರಲಿಲ್ಲ.

ಹೀಗಿರುವಾಗ ಒಂದು ಬುಧವಾರ ಬೆಳಿಗ್ಗೆ ಅಕ್ಕನ ಮಗಳು ಫೋನು ಮಾಡಿದಳು. ಅವಳು ಇರುವುದು ಬಸ್ಸಿನಲ್ಲಿ ಹದಿನಾಲ್ಕು ಗಂಟೆಯ ದೂರದಲ್ಲಿ.

"ಮಾವ, ಅಮ್ಮನ ಮಂಡಿ ಪೂರ್ತಿ ಹೋಗಿದೆ. ನಿಂತ್ಕೊಂಡು ಕಟಿಂಗ್ ಮಾಡಬಾರದು ಅಂದಿದ್ದಾರೆ ಡಾಕ್ಟ್ರು. ಅಂಗಡಿ ಬಿಟ್ಟು ನನ್ನ ಜೊತೆ ಇರೋಕೆ ಬರ್ತಿದ್ದಾಳೆ. ಭಾನುವಾರ ಸಂಜೆ ಬಸ್ಸು. ನಿಮಗೆ ಹೇಳಬೇಡ ಅಂದಿದ್ದಾಳೆ. ಅದಕ್ಕೇ ಹೇಳ್ತಿದ್ದೀನಿ."

"ಹೋಗ್ಲಿ ಬಿಡಮ್ಮ, ಒಳ್ಳೇದಾಯ್ತು" ಅಂದರು ಸಾಹೇಬರು. ಫೋನಿಟ್ಟು ಅಡುಗೆಮನೆಗೆ ಹೋಗಿ, ಏನಕ್ಕೆ ಬಂದೆ ಅಂತ ತಿಳಿಯದೆ ವಾಪಸು ಬಂದರು. ಮತ್ತೆ ಹೋದರು. ಮೂರನೇ ಸಲ ಹೋದಾಗ ಹೆಂಡತಿ ಕೈಯಲ್ಲಿ ಚಹಾದ ಲೋಟ ಕೊಟ್ಟಳು. ಅದು ತಣ್ಣಗಾಗುವವರೆಗೆ ಹಿಡಿದುಕೊಂಡು ನಿಂತಿದ್ದರು. ಅರವತ್ತನಾಲ್ಕು ವರ್ಷದ, ಮಂಡಿ ಹೋದ ಹೆಂಗಸು ಹದಿನಾಲ್ಕು ಗಂಟೆ ದೂರ ಹೋದರೆ ಮತ್ತೆ ಬರುವುದು ಯಾವಾಗ ಅಂತ ಅಳೆಯುವುದಕ್ಕೆ ಟೇಪು ಬೇಕಾಗಿರಲಿಲ್ಲ. ಸಂಕಟವಾದಾಗಲೆಲ್ಲ ಅವರು ಮಾಡುವುದನ್ನೇ ಮಾಡಿದರು.

"ಏಳು ಗಂಟೆಗೆ ಹೋದೆ. ಒಳಗೆ ಜನ ಕಿಕ್ಕಿರಿದಿದ್ರು…"

"ರೀ," ಅಂದಳು ಹೆಂಡತಿ. "ಇದನ್ನ ನಾನು ಇನ್ನೂರು ಸಲ ಕೇಳಿದ್ದೀನಿ. ನಿಮ್ಮ ಡಿಪೋದಲ್ಲಿ ಒಬ್ಬ ಡ್ರೈವರು ದಿನಾ ಬಂದು ಇದನ್ನೇ ಊದಿದ್ರೆ ಏನ್ ಮಾಡ್ತಿದ್ರಿ?"

"ಬರೆದು ಕೊಡು ಅಂತಿದ್ದೆ."

"ಬರೆದು ಕೊಡಿ."

ಸಾಹೇಬರು ತಮಾಷೆ ಅಂದುಕೊಂಡರು. ಹೆಂಡತಿ ನಗಲಿಲ್ಲ. ಅವರ ಚೀಲದಿಂದ ಅಚ್ಚಾದ ತನಿಖಾ ನಮೂನೆಯೊಂದನ್ನು ತೆಗೆದು, ಮೇಜಿನ ಮೇಲಿಟ್ಟು, ಪೆನ್ನನ್ನೂ ಇಟ್ಟು, ತರಕಾರಿ ತರಲು ಹೋದಳು.

ಆ ದಿನ ರಜೆ ಹಾಕಿ ಸಾಹೇಬರು ಬರೆದರು. ನಮೂನೆಯ ನಿಯಮದಂತೆ 'ನಾನು' ಅಂತ ಬರೆಯುವ ಹಾಗಿಲ್ಲ. ಮೊದಲನೇ ಪಕ್ಷದವರು: ತಮ್ಮ, ಐವತ್ತಾರು ವರ್ಷ. ಎರಡನೇ ಪಕ್ಷದವರು: ಅಕ್ಕ, ಅರವತ್ತಮೂರು ವರ್ಷ. ಸ್ಥಳ: ಎರಡನೇ ಪಕ್ಷದವರ ಅಂಗಡಿ. ಮೊದಲಿಗೆ ಕೈ ಸರಾಗವಾಗಿ ಓಡಿತು, ನಾಲ್ಕು ಪುಟ ತುಂಬಿತು. ಹನ್ನೊಂದು ತಿಂಗಳ ಬೇಗೆ ಪೆನ್ನಿನ ತುದಿಯಲ್ಲಿ ಇಳಿಯುತ್ತಿದ್ದಾಗ ಮನಸ್ಸಿಗೆ ಎಷ್ಟೋ ಹಗುರವಾಯಿತು. ಬರೆದು ಮುಗಿಸಿ, ಮೂವತ್ತೊಂದು ವರ್ಷದ ಅಭ್ಯಾಸದಿಂದ, ಕೆಂಪು ಪೆನ್ಸಿಲ್ ತೆಗೆದು ತಿದ್ದುವುದಕ್ಕೆ ಕೂತರು.

"ಎರಡನೇ ಪಕ್ಷದವರು ಬೇಕಂತಲೇ ಮುಖ ತಿರುಗಿಸಿದರು." ಬೇಕಂತಲೇ, ಗೀಟು.

"ತಿರಸ್ಕಾರದಿಂದ ತಲೆಗೂದಲು ಸರಿಮಾಡಿಕೊಂಡರು." ತಿರಸ್ಕಾರ ಎಷ್ಟು ಮೀಟರ್ ಇತ್ತು? ಗೀಟು.

"ಅಂಗಡಿ ಬಂದ ಮೇಲೆ ಎರಡನೇ ಪಕ್ಷದವರಿಗೆ ತಲೆ ನಿಂತಿರಲಿಲ್ಲ." ಇದು ಯಾವ ಸಾಕ್ಷಿಯ ಹೇಳಿಕೆ? ಗೀಟು. "ಮೊದಲನೇ ಪಕ್ಷದವರಂಥ ತಮ್ಮ ಯಾರಿಗೂ ಸಿಗುವುದಿಲ್ಲ." ಇದಕ್ಕೆ ಗೀಟು ಹಾಕುವ ಮೊದಲು ಸ್ವಲ್ಪ ಹೊತ್ತು ಯೋಚಿಸಿದರು, ಆಮೇಲೆ ಹಾಕಿದರು.

ಹೆಂಡತಿ ತರಕಾರಿ ಚೀಲದೊಂದಿಗೆ ಬರುವ ಹೊತ್ತಿಗೆ ನಾಲ್ಕು ಪುಟ ಇಳಿದು ಐದು ಸಾಲಾಗಿತ್ತು. ಗಾಜಿನ ಹೊರಗೆ ತಮ್ಮ ನಿಂತ. ಒಳಗೆ ಅಕ್ಕ ನಿಂತಿದ್ದಳು. ಅಕ್ಕ ಗಾಜಿನ ಕಡೆ ನೋಡಿದಳು. ಕೂದಲು ಸರಿಮಾಡಿಕೊಂಡಳು. ಬಟ್ಟೆಗೆ ಕತ್ತರಿ ಹಾಕಿದಳು. ಅಷ್ಟೇ. ಇದರಲ್ಲಿ ಹನ್ನೊಂದು ತಿಂಗಳಿಗೆ ಆಗುವಷ್ಟು ಸರಕು ಎಲ್ಲಿದೆ ಅಂತ ಸಾಹೇಬರಿಗೇ ಮುಜುಗರವಾಯಿತು.

ಹೆಂಡತಿ ಓದಿದಳು. "ಕಾರ್ಯಕ್ರಮ ಎಷ್ಟು ಗಂಟೆಗಿತ್ತು?"

"ಆರೂ ಇಪ್ಪತ್ತಕ್ಕೆ."

"ನೀವು ಹೋಗಿದ್ದು ಏಳಕ್ಕೆ. ಅದೆಲ್ಲಿದೆ ಇದರಲ್ಲಿ?"

"ಎರಡು ಬಸ್ಸು ಹಿಂದಿಂದ ತಾಗಿತ್ತು ಆವತ್ತು. ಅಳೀತಿದ್ದೆ."

"ನಲವತ್ತು ನಿಮಿಷ ತಡ ಅಂತ ಬರೀರಿ. ಫೋನು?"

"ಚಾರ್ಜ್ ಇರ್ಲಿಲ್ಲ."

"ಬರೀರಿ."

ಬರೆದರು. ಬರೆಯುವಾಗ ಕಿವಿ ಸ್ವಲ್ಪ ಕೆಂಪಾಯಿತು. ಹೆಂಡತಿ ಹಾಳೆ ತಿರುಗಿಸಿ ನಕ್ಷೆ ನೋಡಿದಳು. ಒಂದು ಗೆರೆ ಗಾಜು, ಒಂದು ಚೌಕ ಮೇಜು, ಆಚೆಗೊಂದು ಸೊನ್ನೆ, ಈಚೆಗೊಂದು ಸೊನ್ನೆ. ಕಾಗೆಯ ಲೆಕ್ಕದಲ್ಲಿ ಎರಡು ಸೊನ್ನೆಗಳೂ ಒಂದೇ ಗಾತ್ರ. ಕೆಳಗೆ ಅಚ್ಚಾಗಿದ್ದ ಸಾಲಿನ ಮೇಲೆ ಬೆರಳಿಟ್ಟು ಅವಳು ಓದಿದಳು: "ತನಿಖಾಧಿಕಾರಿಯು ಎರಡೂ ಸೀಟಿನಿಂದ ನೋಡಿರುತ್ತಾರೆಯೇ? ಹೌದು, ಇಲ್ಲ."

ಸಾಹೇಬರು ಪೆನ್ನಿಗೆ ಮುಚ್ಚಳ ಹಾಕಿದರು. ಆ ಸಾಲನ್ನು ನಮೂನೆಗೆ ಸೇರಿಸಿದ್ದು ಅವರೇ. "ಇಲ್ಲ" ಅಂತ ಗುರುತು ಹಾಕಿದ ವರದಿಗೆ ಸಹಿ ಮಾಡುವುದಿಲ್ಲ ಅಂತ ಮೇಲಧಿಕಾರಿಯ ಜೊತೆ ಒಮ್ಮೆ ಗುದ್ದಾಡಿದ್ದವರೂ ಅವರೇ.

ಗುರುವಾರ ಸಂಜೆ ಏಳಕ್ಕೆ ಸರಿಯಾಗಿ ಗಂಡ ಹೆಂಡತಿ ಅಕ್ಕನ ಅಂಗಡಿಯ ಮುಂದೆ ಬಂದರು. ಹೆಂಡತಿಯ ಕೈಯಲ್ಲಿ ಚೀಲ, ಸಾಹೇಬರ ಕೈಯಲ್ಲಿ ಟೇಪು ಮತ್ತು ರಟ್ಟು. ಅಂಗಡಿಯ ಮುಂದಿನ ಫುಟ್‌ಪಾತಿಗೆ ಮರದ ನೆರಳು, ಬೀದಿದೀಪದ ಬೆಳಕು ಅಲ್ಲಿಗೆ ತಲುಪುತ್ತಿರಲಿಲ್ಲ. ಒಳಗೆ ಮೂರು ಟ್ಯೂಬ್‌ಲೈಟು ಉರಿಯುತ್ತಿದ್ದವು. ಹೊರಗಿನಿಂದ ನೋಡಿದರೆ ಒಳಗಿನ ಸೂಜಿಯೂ ಕಾಣುತ್ತಿತ್ತು. ಅಕ್ಕ ಸ್ಟೂಲಿನ ಮೇಲೆ ಕೂತು ದಾರದ ಉಂಡೆಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದಳು. ಬಡವಾಗಿದ್ದಳು.

ಬಾಗಿಲು ತೆರೆದು ಇವರು ಒಳಗೆ ಬಂದಾಗ ಅವಳ ತುಟಿಗಳ ನಡುವೆ ಗುಂಡುಪಿನ್ನುಗಳಿದ್ದವು. ತೆಗೆಯಲಿಲ್ಲ. ಮಾತಾಡದಿರಲು ಅದೂ ಒಂದು ಅನುಕೂಲ.

"ತನಿಖೆಗೆ ಬಂದಿದ್ದೀನಿ," ಅಂದರು ಸಾಹೇಬರು, ಗೋಡೆ ನೋಡಿಕೊಂಡು. "ಆವತ್ತು ನೀನು ಎಲ್ಲಿ ನಿಂತಿದ್ದೆ?"

ಅಕ್ಕ ತಮ್ಮನ ಹೆಂಡತಿಯ ಮುಖ ನೋಡಿದಳು. ಅವಳು, ನನ್ನನ್ನು ಕೇಳಬೇಡಿ, ಇವರು ಹೀಗೇ, ಅನ್ನುವಂತೆ ಹುಬ್ಬು ಹಾರಿಸಿದಳು. ಅಕ್ಕ ಕತ್ತರಿಯಿಂದ ಮೇಜಿನ ಹಿಂದಿನ ಜಾಗ ತೋರಿಸಿದಳು.

ಸಾಹೇಬರು ಮಂಡಿಯೂರಿ ಅಳೆದರು. ಗಾಜಿನಿಂದ ಮೇಜಿಗೆ ಎರಡು ಮೀಟರ್ ಹತ್ತು. ಸೀಮೆಸುಣ್ಣದಿಂದ ಅಕ್ಕನ ಹೊಳೆಯುವ ನೆಲದ ಮೇಲೆ ಗುರುತು ಹಾಕಿದರು. ಅಕ್ಕನ ಮುಖ ಗಂಟಾಯಿತು, ಬಾಯಲ್ಲಿ ಪಿನ್ನು ಇದ್ದದ್ದರಿಂದ ಬದುಕಿದರು. ಆಮೇಲೆ ಹೆಂಡತಿಗೆ, "ನೀನು ಹೋಗಿ ಹೊರಗೆ ನಾನು ನಿಂತಿದ್ದ ಜಾಗದಲ್ಲಿ ನಿಲ್ಲು. ಗಾಜಿಂದ ಒಂದು ಹೆಜ್ಜೆ ಹಿಂದೆ, ಬಾಗಿಲ ಎಡಕ್ಕೆ. ನಿಂತಮೇಲೆ ಕೈ ಎತ್ತು" ಅಂತ ಹೇಳಿ ಕಳಿಸಿ, ತಾವು ಮೇಜಿನ ಹಿಂದೆ ಹೋಗಿ ಅಕ್ಕ ನಿಂತಿದ್ದ ಗುರುತಿನ ಮೇಲೆ ನಿಂತರು. ಅಕ್ಕನಿಗಿಂತ ಇವರು ಎತ್ತರ, ಆದ್ದರಿಂದ ಸ್ವಲ್ಪ ಕುಗ್ಗಿದರು.

ನಿಂತು ಕಾದರು. ಹೆಂಡತಿ ಬರಲಿಲ್ಲ. ಗಾಜಿನಲ್ಲಿ ಟ್ಯೂಬ್‌ಲೈಟು ಕಾಣುತ್ತಿತ್ತು, ಬಟ್ಟೆಯ ಕಪಾಟು ಕಾಣುತ್ತಿತ್ತು, ಮಧ್ಯದಲ್ಲಿ ಸ್ವಲ್ಪ ಕುಗ್ಗಿ ನಿಂತ, ಕೈಯಲ್ಲಿ ಟೇಪು ಹಿಡಿದ, ಮೀಸೆ ಒಂದು ಕಡೆ ಎದ್ದ ಒಬ್ಬ ಮುದುಕ ಕಾಣುತ್ತಿದ್ದ.

"ಎಲ್ಲಿ ಹೋದ್ಲು ಇವಳು?" ಅಂತ ಗೊಣಗಿದರು. ಒಂದು ನಿಮಿಷವಾಯಿತು, ಎರಡಾಯಿತು. "ಬೇಗ ಬಾರೇ!" ಅಂತ ಕೂಗಿದರು. ಕಾಯುತ್ತ ಕಾಯುತ್ತ ಎದ್ದ ಮೀಸೆಯನ್ನು ಬೆರಳಲ್ಲಿ ತೀಡಿಕೊಂಡರು. ಬೇಸರ ಬಂದು ಮುಖ ತಿರುಗಿಸಿದರು.

ಬಾಗಿಲು ತೆರೆಯಿತು. ಹೆಂಡತಿ ಒಳಗೆ ಬಂದಳು.

"ಎಲ್ಲಿಗ್ ಹೋಗಿದ್ದೆ? ಆಗಿಂದ ಕಾಯ್ತಿದ್ದೀನಿ!"

"ನಾನು ಆಗಿಂದ ಅಲ್ಲೇ ನಿಂತಿದ್ದೀನಿ," ಅಂದಳು ಹೆಂಡತಿ. "ಒಂದು ಕೈ ಎತ್ತಿದೆ. ಎರಡು ಕೈ ಎತ್ತಿದೆ. ಕೊನೆಗೆ ನಾಲಿಗೆ ಚಾಚಿ ಅಣಕಿಸಿದೆ. ನೀವು ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ರಿ. ಬಾ ಅನ್ನಲಿಲ್ಲ. ಸಾವಕಾಶವಾಗಿ ಮೀಸೆ ತೀಡ್ಕೊಂಡ್ರಿ. ಮುಖ ತಿರುಗಿಸಿದ್ರಿ."

ಸಾಹೇಬರು ಗಾಜನ್ನು ನೋಡಿದರು. ಗಾಜಿನಲ್ಲಿದ್ದವರೂ ಸಾಹೇಬರನ್ನು ನೋಡಿದರು. ಕತ್ತಲಾದ ಮೇಲೆ ಚಾಲಕನ ಹಿಂದಿನ ದೀಪ ಆರಿಸತಕ್ಕದ್ದು. ಇಪ್ಪತ್ತೆರಡು ವರ್ಷದ ಹಿಂದೆ ತಮ್ಮ ಕೈಯಾರೆ ಬರೆದು ನಾನೂರು ಬಸ್ಸುಗಳಿಗೆ ಅಂಟಿಸಿದ ವಾಕ್ಯ. ದೀಪ ಉರಿಯುತ್ತಿದ್ದರೆ ಗಾಜಿನಲ್ಲಿ ತನ್ನ ಮುಖ ಬಿಟ್ಟರೆ ಬೇರೇನೂ ಕಾಣುವುದಿಲ್ಲ ಅಂತ ಎಷ್ಟು ಚಾಲಕರು ಇವರ ಮುಂದೆ ಅತ್ತಿದ್ದರೋ! ಅವರನ್ನೆಲ್ಲ ನಂಬಿದ್ದರು, ಸೀಟಿನಲ್ಲಿ ಕೂತು ನೋಡಿ ಬಂದು ನಂಬಿದ್ದರು. ಹೆತ್ತ ತಾಯಿಯ ಹಾಗೆ ಸಾಕಿದವಳನ್ನು ಮಾತ್ರ ನಂಬಲಿಲ್ಲ. ಅವಳು ಬಸ್ಸು ಓಡಿಸುತ್ತಿರಲಿಲ್ಲವಲ್ಲ, ಅದಕ್ಕೇ ಇರಬೇಕು.

ಅಕ್ಕ ಬಾಯಿಂದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಮೆತ್ತೆಗೆ ಚುಚ್ಚಿದಳು.

"ನೀನು ಬಂದಿದ್ಯಾ ಆವತ್ತು?" ಅಂದಳು.

"ಬಂದಿದ್ದೆ."

"ಹೊರಗೆ ನಿಂತಿದ್ದೆ?"

"ಇಲ್ಲೇ. ಇವಳು ನಿಂತಿದ್ದ ಕಡೆ."

"ಬಾಗಿಲು ತೆರೆದು ಒಳಗೆ ಬರೋಕೆ ಏನು ರೋಗ ಬಂದಿತ್ತು ನಿಂಗೆ?"

"ತಡ ಆಗಿತ್ತಲ್ಲ. ನೀನು ಕರೀತೀಯ ಅಂತ…"

"ಕರೀತೀನಂತೆ! ನಲವತ್ತು ನಿಮಿಷ ಕತ್ತರಿ ಹಿಡ್ಕೊಂಡು ನಿಂತಿದ್ದೆ ಕಣೋ. ಆರು ಸಲ ಫೋನ್ ಮಾಡಿದೆ, ಸ್ವಿಚ್ ಆಫ್. ಬಂದವರೆಲ್ಲ ಮನೆಗೆ ಹೋಗ್ಬೇಕು ಅಂತಿದ್ರು. ಎಲ್ಲಾದ್ರೂ ಬಂದ್ನಾ ಅಂತ ಗಾಜಿನ ಕಡೆ ನಿನ್ನನ್ನೇ ಹುಡುಕ್ತಿದ್ದೆ. ಕಂಡಿದ್ದು ನನ್ನ ಮೂತಿ. ಕಾದು ಕಾದು ಭೂತದ ಹಾಗಾಗಿತ್ತು, ಕೂದಲು ಸರಿಮಾಡ್ಕೊಂಡೆ."

ಅಕ್ಕ ಕಷ್ಟಪಟ್ಟು ಎದ್ದಳು. ಮಂಡಿಯ ಮೇಲೆ ಕೈಯಿಟ್ಟುಕೊಂಡು ಕಪಾಟಿನ ಹತ್ತಿರ ಹೋಗಿ, ಎಲ್ಲಕ್ಕಿಂತ ಕೆಳಗಿನ ಖಾನೆಯಿಂದ ಮಡಿಸಿದ ಬಟ್ಟೆಯೊಂದನ್ನು ತೆಗೆದು ಮೇಜಿನ ಮೇಲೆ ಹಾಕಿದಳು. ನೀಲಿ ಬಣ್ಣದ ಅಂಗಿ ಬಟ್ಟೆ. ಬಟ್ಟೆಯ ಮೇಲೆ ಚಾಕ್‌ನಲ್ಲಿ ಗೆರೆ ಎಳೆದಿತ್ತು, ಕುತ್ತಿಗೆ, ಎದೆ, ಎರಡು ತೋಳು. ಗೆರೆ ಮಾಸಿ ಹೋಗಿತ್ತು, ಕತ್ತರಿ ಮಾತ್ರ ತಾಗಿರಲಿಲ್ಲ.

"ನನ್ನ ಸ್ವಂತ ಅಂಗಡಿಯ ಮೊದಲನೇ ಬಟ್ಟೆ, ನಿನ್ನ ಅಂಗಿ ಅಂತ ತೆಗೆದಿಟ್ಟಿದ್ದೆ. ಮೊದಲನೇ ಕತ್ತರಿ ನಿನ್ನ ಕೈಲೇ ಹಾಕಿಸ್ಬೇಕು ಅಂತಿದ್ದೆ. ಎರಡೂ ತೋಳು ಒಂದೇ ಬಣ್ಣ. ನೀನು ಬರಲಿಲ್ಲ. ಆ ಎಲೆಕ್ಟ್ರಿಷಿಯನ್ ತಂದುಕೊಟ್ಟಿದ್ದ ದಿಂಬಿನ ಚೀಲದ ಬಟ್ಟೆ ಮೇಜಿನ ಮೇಲಿತ್ತು, ಅದನ್ನೇ ಕತ್ತರಿಸಿದೆ. ಮುಹೂರ್ತದ ಕತ್ತರಿ ಅವನ ದಿಂಬಿಗೆ ಹೋಯ್ತು."

ಸಾಹೇಬರಿಗೆ ಅಳು ಬಂತು. ಬಂದೇ ಬಂತು, ತಡೆಯಲಾಗಲಿಲ್ಲ. ಅಳುವಾಗಲೂ ಕೈಯಲ್ಲಿದ್ದ ಟೇಪನ್ನು ಬಿಡಲಿಲ್ಲ. ಅದರ ಗುಂಡಿ ಒತ್ತಿಹೋಗಿ, ಎರಡು ಮೀಟರ್ ಹತ್ತು ಹೊರಗಿದ್ದ ಟೇಪು ಸರ್ರನೆ ಒಳಕ್ಕೆ ಸುತ್ತಿಕೊಂಡಿತು.

"ತಪ್ಪು ನಂದೇ ಅಕ್ಕ," ಅಂದರು.

"ನಿಂದೇ. ಮಾರನೇ ದಿನ ಫೋನ್ ಮಾಡದೆ ಇದ್ದದ್ದು ನಂದೂ." ಅಕ್ಕ ಕುತ್ತಿಗೆಯಲ್ಲಿ ನೇತಾಡುತ್ತಿದ್ದ ತನ್ನ ಹಳದಿ ಟೇಪನ್ನು ತೆಗೆದಳು. "ಇಲ್ಲಿ ಬಾ. ನೆಟ್ಟಗೆ ನಿಲ್ಲು. ಕುಗ್ಗಬೇಡ." ತಮ್ಮನ ಕುತ್ತಿಗೆ ಅಳೆದಳು, ಭುಜ ಅಳೆದಳು, ಹೊಟ್ಟೆಯ ಹತ್ತಿರ ಬಂದು ನಿಂತಳು. "ಹನ್ನೊಂದು ತಿಂಗಳಲ್ಲಿ ಎರಡು ಇಂಚು! ನನ್ನ ಮೇಲಿನ ಕೋಪಕ್ಕೆ ಊಟ ಬಿಟ್ಟಿದ್ದಾನೆ ಅಂದ್ಕೊಂಡಿದ್ದೆ."

"ಊಟ ಬಿಡಲಿಲ್ಲ," ಅಂದಳು ಹೆಂಡತಿ. "ಊಟದ ಜೊತೆ ನಿಮ್ಮನ್ನೂ ತಿಂದ್ರು." ಚೀಲದಿಂದ ಬಣ್ಣದ ಕಾಗದದ ಗಡಿಯಾರ ತೆಗೆದು ಮೇಜಿನ ಮೇಲಿಟ್ಟಳು. ಅದು ಇನ್ನೂ ಟಿಕ್ ಟಿಕ್ ಅನ್ನುತ್ತಿತ್ತು. ಇನ್ನು ಮೂರು ದಿನಕ್ಕೆ ಖಾಲಿಯಾಗುವ ಅಂಗಡಿಯ ಗೋಡೆಗೆ ಅಕ್ಕ ಅದನ್ನು ಅಲ್ಲೇ ಮೊಳೆ ಹೊಡೆಸಿ ತೂಗುಹಾಕಿಸಿದಳು. ಮೊಳೆ ಹೊಡೆಯಲು ಎಲೆಕ್ಟ್ರಿಷಿಯನ್ನೇ ಬಂದ. ಒಳ್ಳೆಯ ಮನುಷ್ಯ, ಸಾಹೇಬರ ಮನೆಯ ಗಂಟೆಯನ್ನೂ ನಾಳೆ ನೋಡುತ್ತೇನೆ ಅಂದ.

ಬಟ್ಟೆಗೆ ಮೊದಲ ಕತ್ತರಿ ಸಾಹೇಬರು ಹಾಕಿದರು. ಗೆರೆಯ ಮೇಲೇ ಹಾಕಿದರು, ಒಂದು ಎಳೆಯೂ ಆಚೀಚೆ ಆಗಲಿಲ್ಲ.

ಶುಕ್ರವಾರ, ಶನಿವಾರ ಅಕ್ಕ ಕೂತುಕೊಂಡೇ ಅಂಗಿ ಹೊಲಿದಳು. ಸಾಹೇಬರು ಎರಡೂ ದಿನ ರಜೆ ಹಾಕಿ, ಅವಳಿಗೆ ದಾರ ಪೋಣಿಸಿಕೊಟ್ಟು, ಪೆಟ್ಟಿಗೆ ಕಟ್ಟಿ, ಹನ್ನೊಂದು ತಿಂಗಳ ಮಾತನ್ನೆಲ್ಲ ಆಡಿದರು. ಬಹುಪಾಲು ಜಗಳವೇ. ಊರು ಬಿಡಬೇಡ, ನಮ್ಮ ಮನೆಗೆ ಬಾ ಅಂತ ಕೇಳಿದರು. ಅಕ್ಕ ಒಪ್ಪಲಿಲ್ಲ. ಮಗಳಿಗೆ ಮಾತು ಕೊಟ್ಟಾಗಿತ್ತು, ಅಲ್ಲಿನ ಡಾಕ್ಟರು ಮಂಡಿಯ ಆಪರೇಷನ್ನಿಗೆ ದಿನ ಗೊತ್ತುಮಾಡಿಯಾಗಿತ್ತು. ಹನ್ನೊಂದು ತಿಂಗಳ ಹಿಂದೆ ಸರಿಹೋಗಿದ್ದರೆ ಹನ್ನೊಂದು ತಿಂಗಳು ಸಿಗುತ್ತಿತ್ತು, ಈಗ ಮೂರು ದಿನ ಸಿಕ್ಕಿತು. ಈ ಲೆಕ್ಕ ಸಾಹೇಬರ ಮನಸ್ಸಿನಲ್ಲಿ ಮುಳ್ಳಿನ ಹಾಗೆ ಉಳಿಯಿತು, ಅದನ್ನು ತೆಗೆಯಲು ಯಾವ ನಮೂನೆಯೂ ಇಲ್ಲ.

ಭಾನುವಾರ ಸಂಜೆ ಬಸ್ ನಿಲ್ದಾಣ. ಅಕ್ಕನ ಬಸ್ಸು ನಿಲ್ಲುವ ಕೊನೆಯ ಅಂಕಣದ ದೀಪ ಕೆಟ್ಟು ವರ್ಷವಾಗಿತ್ತು, ಆ ಬಗ್ಗೆ ಸಾಹೇಬರೇ ಮೂರು ಸಲ ಬರೆದಿದ್ದರು. ಅಕ್ಕನನ್ನು ಕೈಹಿಡಿದು ಹತ್ತಿಸಿ, ಕಿಟಕಿಯ ಪಕ್ಕ ಕೂರಿಸಿ, ಕಾಲ ಕೆಳಗೆ ಚೀಲವಿಟ್ಟು ಇಳಿದರು. ಹೊಸ ನೀಲಿ ಅಂಗಿ ತೊಟ್ಟಿದ್ದರು. ಇಳಿದು ಬಂದು ಕಿಟಕಿಯ ನೇರಕ್ಕೆ ನಿಂತರು. ಎ.ಸಿ. ಬಸ್ಸು, ಗಾಜು ತೆರೆಯುವಂತಿಲ್ಲ. ಬಸ್ಸಿನೊಳಗೆ ಝಗಮಗ ದೀಪ. ಅಕ್ಕ ಕಿಟಕಿಯ ಕಡೆ ತಿರುಗಿ, ಕಣ್ಣು ಕಿರಿದು ಮಾಡಿ, ಆ ಕಡೆ ಈ ಕಡೆ ಹುಡುಕುತ್ತಿದ್ದಳು. ಇವರು ಕೈ ಎತ್ತಿದರು. ಅವಳು ಇವರ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು, ಕೂದಲು ಸರಿಮಾಡಿಕೊಂಡಳು.

ಸಾಹೇಬರು ಬಿರಬಿರನೆ ನಡೆದು ಚಾಲಕನ ಬಾಗಿಲಿಗೆ ಹೋದರು.

"ಲೈಟ್ ಆರಿಸಪ್ಪ."

ಚಾಲಕ ಇವರನ್ನು ನೋಡಿ ಥಟ್ಟನೆ ತಲೆಯ ಹಿಂದಿನ ದೀಪ ಆರಿಸಿದ. "ಆರಿಸಿದೆ ಸಾರ್."

"ಅದಲ್ಲ. ಪೂರ್ತಿ. ಇಡೀ ಬಸ್ಸು."

"ಸಾರ್, ನಿಲ್ದಾಣದಲ್ಲಿ ಪ್ರಯಾಣಿಕರ ದೀಪ ಆರಿಸಬಾರದು ಅಂತ ನೀವೇ…"

"ಬರ್ದಿದ್ದೀನಿ, ಗೊತ್ತು. ಆರಿಸು. ಒಂದೇ ನಿಮಿಷ. ನನ್ನ ಮೇಲೆ ವರದಿ ಬರಿ."

ಬಸ್ಸು ಕತ್ತಲಾಯಿತು. ಒಳಗೆ "ಏನ್ರೀ ಇದು, ಕರೆಂಟ್ ಹೋಯ್ತಾ?" ಅಂತ ಯಾರೋ ರೇಗಿದರು, ಒಂದು ಮಗು ಅತ್ತಿತು. ಸಾಹೇಬರು ಓಡಿ ಬಂದು ಕಿಟಕಿಯ ಮುಂದೆ ನಿಂತು ಎರಡೂ ಕೈ ಎತ್ತಿದರು. ಗಾಜಿನಾಚೆ ಅಕ್ಕನ ಮುಖ ಮಬ್ಬಾಗಿ ಕಂಡಿತು. ಈ ಸಲ ಅವಳು ಕೂದಲು ಮುಟ್ಟಲಿಲ್ಲ. ಗಾಜಿಗೆ ಅಂಗೈ ಒತ್ತಿದಳು. ಆಮೇಲೆ ಬೆರಳಿನಿಂದ ಅವರ ಎಡತೋಳು ತೋರಿಸಿದಳು, ಬಲತೋಳು ತೋರಿಸಿದಳು, ಏನೋ ಹೇಳಿ ನಕ್ಕಳು. ಗಾಜಿನ ಈಚೆಗೆ ಏನೂ ಕೇಳಿಸಲಿಲ್ಲ. ಸಾಹೇಬರು, ಹೌದು, ಎರಡೂ ಒಂದೇ ಬಣ್ಣ, ಅಂತ ತಲೆಯಾಡಿಸಿದರು.